ಗಣಕದ ತಿರುಳನ್ನು ಕಾಯುವವರು

ಶಿವಮೊಗ್ಗದ ವಿನೋಬನಗರದಲ್ಲಿ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಸಂಜೆ ಏಳು ಗಂಟೆ. ಹೊರಗೆ ಆಷಾಢದ ಮಳೆ ಹಿಡಿದುಕೊಂಡಿದೆ. ತಾಯಿ ಮೊಬೈಲಿನಲ್ಲಿ ಕರೆಂಟ್ ಬಿಲ್ಲು ಕಟ್ಟುತ್ತಿದ್ದಾರೆ. ಪಿ.ಯು.ಸಿ. ಓದುವ ಮಗಳು ಭೌತಶಾಸ್ತ್ರದ ಪಾಠವೊಂದನ್ನು ಪರದೆಯ ಮೇಲೆ ನೋಡುತ್ತಿದ್ದಾಳೆ. ಅಜ್ಜ ಬೆಂಗಳೂರಿನಲ್ಲಿರುವ ಮೊಮ್ಮಗನ ಮುಖ ನೋಡುತ್ತಾ ‘ಊಟ ಆಯ್ತೇನೋ?’ ಎಂದು ವಿಚಾರಿಸುತ್ತಿದ್ದಾರೆ. ಈ ಮೂರೂ ಕೆಲಸ ನಡೆಯುತ್ತಿರುವುದು ಗೋಡೆಗೆ ತೂಗುಹಾಕಿರುವ, ಹಸಿರು ದೀಪ ಮಿನುಗಿಸುವ ಒಂದು ಪುಟ್ಟ ಪೆಟ್ಟಿಗೆಯ ಮೂಲಕ.

ಆ ಪೆಟ್ಟಿಗೆಯ ಒಂದು ಬದಿಗೆ ಈ ಮನೆ, ಇನ್ನೊಂದು ಬದಿಗೆ ಇಡೀ ಜಗತ್ತು. ಜಗತ್ತಿನ ಕಡೆಯಿಂದ ಬರುವುದೆಲ್ಲ ಒಳ್ಳೆಯದೇ ಆಗಿರುವುದಿಲ್ಲ. ಎಲ್ಲೋ ದೂರದಲ್ಲಿ ಕುಳಿತು, ಯಾರ ಮನೆಯ ಬಾಗಿಲು ತೆರೆದಿದೆ ಎಂದು ಒಂದೊಂದೇ ಬಾಗಿಲನ್ನು ತಳ್ಳಿ ನೋಡುವ ಜನ, ಜನಕ್ಕಿಂತ ಹೆಚ್ಚಾಗಿ ಅವರು ಬರೆದ ಪ್ರೋಗ್ರಾಂಗಳು, ಹಗಲೂ ರಾತ್ರಿ ಕೆಲಸ ಮಾಡುತ್ತಿರುತ್ತವೆ. ಆದರೆ ನಮ್ಮ ವಿನೋಬನಗರದ ಮನೆಯವರಿಗೆ ಬಾಗಿಲು ತಟ್ಟಿದ ಸದ್ದೇ ಕೇಳುವುದಿಲ್ಲ. ಯಾರೋ ಅದನ್ನು ಹೊರಗೇ ತಡೆದು ನಿಲ್ಲಿಸುತ್ತಿದ್ದಾರೆ. ಹಾಗೆ ತಡೆಯುವುದು ಯಾವುದು? ಅದು ಕೆಡದಂತೆ ನೋಡಿಕೊಳ್ಳುವವರು ಯಾರು? ಇದು ಇಂದಿನ ನನ್ನ ಮಾತಿನ ವಿಷಯ.

ಮೊದಲಿಗೆ ಒಂದೆರಡು ಮೂಲ ಸಂಗತಿಗಳು. ಕಂಪ್ಯೂಟರಿನಲ್ಲಿ ಯಂತ್ರಾಂಶ ಮತ್ತು ತಂತ್ರಾಂಶ ಎಂಬ ಎರಡು ಭಾಗಗಳಿವೆ ಎಂಬುದು ನಿಮಗೆ ತಿಳಿದ ವಿಷಯ. ಇವೆರಡರ ನಡುವೆ ನಿಂತು ಯಾವ ಪ್ರೋಗ್ರಾಂಗೆ ಎಷ್ಟು ಮೆಮೊರಿ, ಯಾರಿಗೆ ಎಷ್ಟು ಹೊತ್ತು ಪ್ರೊಸೆಸರ್, ಯಾರು ಯಾವ ಕಡತ ತೆರೆಯಬಹುದು ಎಂದು ತೀರ್ಮಾನಿಸುವುದು ಕಾರ್ಯಾಚರಣ ವ್ಯವಸ್ಥೆ. ಅದರ ನಟ್ಟನಡುವಿನ ಭಾಗವೇ ಕರ್ನೆಲ್. ಹಲಸಿನ ಬೀಜದ ಸಿಪ್ಪೆ ಸುಲಿದರೆ ಸಿಗುವ ತಿರುಳಿದೆಯಲ್ಲ, ಆ ಅರ್ಥವೇ ಈ ಪದಕ್ಕೂ ಇದೆ.

ಕರ್ನೆಲ್‌ಗೆ ಉಳಿದ ಪ್ರೋಗ್ರಾಂಗಳಿಗಿಲ್ಲದ ಒಂದು ಅಧಿಕಾರವಿದೆ. ಆಟದ ಪ್ರೋಗ್ರಾಂ ತಪ್ಪು ಮಾಡಿದರೆ ಆಟ ಮಾತ್ರ ನಿಲ್ಲುತ್ತದೆ. ಕರ್ನೆಲ್ ತಪ್ಪು ಮಾಡಿದರೆ ಇಡೀ ಯಂತ್ರವೇ ನಿಲ್ಲುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಯಂತ್ರ ನಿಲ್ಲದೆ ಇನ್ನೊಬ್ಬರ ಕೈಗೆ ಹೋಗಿಬಿಡುತ್ತದೆ. ಮನೆಯ ಒಂದು ಕೋಣೆಯ ಕೀಲಿ ಕಳೆಯುವುದಕ್ಕೂ ಎಲ್ಲ ಕೋಣೆಗಳ ಕೀಲಿಗೊಂಚಲೇ ಕಳೆಯುವುದಕ್ಕೂ ಇರುವ ವ್ಯತ್ಯಾಸ ಇದು.

ಇಂದು ಜಗತ್ತಿನಲ್ಲಿ ಅತ್ಯಂತ ಹೆಚ್ಚು ಕಡೆ ಬಳಕೆಯಲ್ಲಿರುವ ಕರ್ನೆಲ್‌ಗಳಲ್ಲಿ ಲಿನಕ್ಸ್ ಒಂದು. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ ಇದನ್ನು ಬರೆಯಲು ತೊಡಗಿದಾಗ ಆತನಿಗೆ 21 ವರ್ಷ. ಇಂದು ಅದರಲ್ಲಿ ಎರಡೂವರೆ ಕೋಟಿಗೂ ಹೆಚ್ಚು ಸಾಲುಗಳಿವೆ. ಆಂಡ್ರಾಯ್ಡ್ ಮೊಬೈಲುಗಳ ಒಳಗಿರುವುದು ಲಿನಕ್ಸ್ ಕರ್ನೆಲ್. ಗೋಡೆಯ ಮೇಲಿನ ಅಂತರಜಾಲದ ಪೆಟ್ಟಿಗೆಗಳಲ್ಲಿ ಅನೇಕವುಗಳ ಒಳಗಿರುವುದೂ ಅದೇ. ಬ್ಯಾಂಕು, ರೈಲ್ವೆ ಮುಂತಾದ ದೊಡ್ಡ ಸಂಸ್ಥೆಗಳ ಸರ್ವರ್‌ಗಳಲ್ಲೂ ಅದು ವ್ಯಾಪಕವಾಗಿದೆ. ಇದರ ಪ್ರತಿಯೊಂದು ಸಾಲನ್ನೂ ಯಾರು ಬೇಕಾದರೂ ಓದಬಹುದು. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಈಗ ಜಾಲದ ವಿಷಯಕ್ಕೆ ಬರೋಣ. ಅಜ್ಜನ ಮಾತು ಬೆಂಗಳೂರಿಗೆ ಒಂದೇ ಧಾರೆಯಾಗಿ ಹೋಗುವುದಿಲ್ಲ. ಅದನ್ನು ಪ್ಯಾಕೆಟ್ ಎಂಬ ಸಣ್ಣ ಸಣ್ಣ ಪೊಟ್ಟಣಗಳಾಗಿ ಕಟ್ಟಿ ಕಳಿಸಲಾಗುತ್ತದೆ. ಪ್ರತಿಯೊಂದು ಪೊಟ್ಟಣದ ಮೇಲೂ ಎಲ್ಲಿಂದ, ಎಲ್ಲಿಗೆ, ಯಾವ ಕೆಲಸಕ್ಕೆ ಎಂಬ ವಿಳಾಸವಿರುತ್ತದೆ. ಲಿನಕ್ಸ್ ಕರ್ನೆಲ್ ಒಳಗೆ ಇಂಥ ಪೊಟ್ಟಣ ಸಾಗುವ ದಾರಿಯಲ್ಲಿ ಐದು ತಪಾಸಣೆಯ ಕಟ್ಟೆಗಳಿವೆ. ಪೊಟ್ಟಣ ಒಳಬಂದ ಕೂಡಲೇ ಒಂದು. ಅದು ಇದೇ ಯಂತ್ರಕ್ಕೆ ಬಂದದ್ದಾದರೆ ಒಂದು. ಬೇರೆಡೆಗೆ ದಾಟಿಸಬೇಕಾದದ್ದಾದರೆ ಒಂದು. ಈ ಯಂತ್ರವೇ ಹುಟ್ಟಿಸಿ ಕಳಿಸುವ ಪೊಟ್ಟಣಕ್ಕೆ ಒಂದು. ಕೊನೆಗೆ ಯಂತ್ರ ಬಿಟ್ಟು ಹೊರಡುವಾಗ ಒಂದು. ಈ ಕಟ್ಟೆಗಳ ವ್ಯವಸ್ಥೆಗೆ ನೆಟ್‌ಫಿಲ್ಟರ್ ಎಂದು ಹೆಸರು.

ಪ್ರತಿ ಕಟ್ಟೆಯಲ್ಲೂ ನಿಯಮಗಳ ಒಂದು ಪಟ್ಟಿಯನ್ನು ಇಡಬಹುದು. ಇಂಥ ವಿಳಾಸದಿಂದ ಬಂದದ್ದನ್ನು ಬಿಡು, ಇಂಥದ್ದನ್ನು ಬಿಡಬೇಡ ಎಂದು ಆ ಪಟ್ಟಿ ಹೇಳುತ್ತದೆ. ಇದರ ಜೊತೆಗೆ ಕರ್ನೆಲ್ ಒಂದು ಲೆಕ್ಕದ ಪುಸ್ತಕವನ್ನೂ ಇಟ್ಟುಕೊಂಡಿರುತ್ತದೆ. ಮಗಳು ಪಾಠ ಬೇಕೆಂದು ಕೇಳಿದಾಗ ಆ ಕೇಳಿಕೆಯನ್ನು ಅದರಲ್ಲಿ ಬರೆದುಕೊಳ್ಳುತ್ತದೆ. ಹೊರಗಿನಿಂದ ಪೊಟ್ಟಣ ಬಂದರೆ, ನಮ್ಮವರು ಕೇಳಿದ್ದಕ್ಕೆ ಬಂದ ಉತ್ತರವೇ ಎಂದು ಪುಸ್ತಕ ನೋಡುತ್ತದೆ. ಹೌದಾದರೆ ಒಳಗೆ, ಕೇಳದೆ ಬಂದದ್ದಾದರೆ ಹೊರಗೆ. ಬಾಗಿಲು ತಟ್ಟಿದ ಸದ್ದು ಮನೆಯವರಿಗೆ ಕೇಳದಿರುವುದಕ್ಕೆ ಬಹುಮಟ್ಟಿಗೆ ಈ ಪುಸ್ತಕವೇ ಕಾರಣ.

ನಮ್ಮ ಹಳ್ಳಿಗಳ ಕೆರೆಯನ್ನು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಕೆರೆಗೆ ಏರಿ ಇದೆ, ಏರಿಯಲ್ಲಿ ತೂಬು ಇದೆ. ಯಾವ ಗದ್ದೆಗೆ ಎಷ್ಟು ನೀರು ಎಂದು ತೂಬನ್ನು ಎತ್ತಿ ಇಳಿಸುವವನು ನೀರುಗಂಟಿ. ತೂಬಿನಿಂದ ನೀರು ಹದವಾಗಿ ಬರುತ್ತಿರುವಷ್ಟು ಕಾಲ ನೀರುಗಂಟಿಯನ್ನು ಯಾರೂ ನೆನೆಯುವುದಿಲ್ಲ. ಏರಿಯಲ್ಲಿ ಇಲಿ ತೋಡಿದ ಬಿಲವನ್ನು ಅವನು ಮಳೆಗಾಲಕ್ಕೆ ಮುನ್ನ ಮುಚ್ಚಿದ್ದರೆ ಅದು ಸುದ್ದಿಯಾಗುವುದಿಲ್ಲ. ಮುಚ್ಚದಿದ್ದರೆ ಊರಿಗೆಲ್ಲ ಗೊತ್ತಾಗುತ್ತದೆ. ಕರ್ನೆಲ್‌ನ ಜಾಲ ಸುರಕ್ಷತೆಯ ಭಾಗವನ್ನು ನೋಡಿಕೊಳ್ಳುವವರ ಕೆಲಸ ಇಂಥದ್ದು. ಅವರನ್ನು ಇಂಗ್ಲಿಷಿನಲ್ಲಿ ಮೇಂಟೇನರ್ ಎನ್ನುತ್ತಾರೆ. ನಾವು ಪಾಲಕರು ಎನ್ನೋಣ.

ಈ ತೂಬನ್ನು ಒಂದೇ ಸಲ ಕಟ್ಟಿ ಮುಗಿಸಲಿಲ್ಲ. 1990ರ ದಶಕದ ಮಧ್ಯದಲ್ಲಿ ಲಿನಕ್ಸ್‌ನಲ್ಲಿದ್ದ ಸೋಸುವ ವ್ಯವಸ್ಥೆ ತೀರಾ ಸರಳವಾದದ್ದು. 1999ರಲ್ಲಿ ಬಂದ 2.2ನೆಯ ಆವೃತ್ತಿಯಲ್ಲಿ ಐಪಿಚೈನ್ಸ್ ಎಂಬುದಿತ್ತು. ಆಸ್ಟ್ರೇಲಿಯಾದ ರಸ್ಟಿ ರಸೆಲ್ ಮತ್ತು ಸಂಗಡಿಗರು ಅದನ್ನು ಮೊದಲಿನಿಂದ ಮರುಚಿಂತನೆ ಮಾಡಿ ರೂಪಿಸಿದ ನೆಟ್‌ಫಿಲ್ಟರ್ ಮತ್ತು ಐಪಿಟೇಬಲ್ಸ್, 2001ರ ಜನವರಿಯಲ್ಲಿ 2.4ನೆಯ ಆವೃತ್ತಿಯೊಡನೆ ಬಂದವು. 2014ರ ಜನವರಿಯಲ್ಲಿ 3.13ನೆಯ ಆವೃತ್ತಿಯೊಡನೆ ಎನ್‌ಎಫ್‌ಟೇಬಲ್ಸ್ ಸೇರಿತು. ಆದರೆ ಹೊಸದು ಬಂದ ಕೂಡಲೇ ಹಳೆಯದನ್ನು ಎಸೆಯುವಂತಿಲ್ಲ. ಎಲ್ಲೋ ಒಂದು ಕಾರ್ಖಾನೆ, ಎಲ್ಲೋ ಒಂದು ಆಸ್ಪತ್ರೆ ಹಳೆಯ ನಿಯಮಪಟ್ಟಿಯನ್ನೇ ನೆಚ್ಚಿಕೊಂಡಿರುತ್ತದೆ. ಬಳಕೆದಾರರ ಪ್ರೋಗ್ರಾಂಗಳನ್ನು ಕೆಡಿಸಬಾರದು ಎಂಬುದು ಲಿನಕ್ಸ್ ಬಳಗದಲ್ಲಿ ಬಹಳ ಕಟ್ಟುನಿಟ್ಟಾಗಿ ಪಾಲಿಸುವ ನಿಯಮ. ಹೀಗಾಗಿ ಪಾಲಕರು ಹೊಸ ತೂಬಿನ ಜೊತೆಗೆ ಹಳೆಯ ತೂಬುಗಳನ್ನೂ ಕಾಯಬೇಕು. ತೊಂದರೆ ಹುಟ್ಟುವುದು ಹೆಚ್ಚಾಗಿ ಇಲ್ಲಿಯೇ. ಎರಡು ಉದಾಹರಣೆ ನೋಡೋಣ.

ಮೊದಲನೆಯದು 1996ರದು. ಅಂತರಜಾಲದ ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ 65,535 ಬೈಟ್. ಏಕೆಂದರೆ ಗಾತ್ರ ಬರೆಯಲು ಇರುವ ಜಾಗ 16 ಬಿಟ್ ಮಾತ್ರ. ದೊಡ್ಡ ಪ್ಯಾಕೆಟ್ಟನ್ನು ದಾರಿಯಲ್ಲಿ ತುಂಡು ಮಾಡಿ ಕಳಿಸಬಹುದು. ಪ್ರತಿ ತುಂಡಿನ ಮೇಲೂ ಅದು ಮೂಲದಲ್ಲಿ ಎಷ್ಟನೆಯ ಬೈಟಿನಿಂದ ಶುರುವಾಗುತ್ತದೆ ಎಂದು ಬರೆದಿರುತ್ತದೆ. ಇದಕ್ಕಿರುವ ಜಾಗ 13 ಬಿಟ್, ಲೆಕ್ಕ ಎಂಟೆಂಟು ಬೈಟುಗಳಲ್ಲಿ. ಅಂದರೆ ಗರಿಷ್ಠ 8,191 ಗುಣಿಸು 8, ಒಟ್ಟು 65,528. ಈಗ ಒಬ್ಬ ಕಿಡಿಗೇಡಿ, 65,528ನೆಯ ಬೈಟಿನಿಂದ ಶುರುವಾಗುವ ತುಂಡು ಎಂದು ಬರೆದು ಅದರಲ್ಲಿ ನೂರು ಬೈಟು ತುಂಬಿ ಕಳಿಸಿದ ಎನ್ನಿ. ತುಂಡುಗಳನ್ನು ಬಿಡಿಬಿಡಿಯಾಗಿ ನೋಡಿದರೆ ಎಲ್ಲವೂ ಸರಿ. ಕೂಡಿಸಿದರೆ 65,628! ಅಷ್ಟು ಹಿಡಿಯುವ ಪಾತ್ರೆಯನ್ನು ಕರ್ನೆಲ್ ಇಟ್ಟುಕೊಂಡಿಲ್ಲ. ನೀರು ಪಾತ್ರೆಯ ಅಂಚು ದಾಟಿ ಪಕ್ಕದ ಮೆಮೊರಿಯ ಮೇಲೆ ಹರಿದು ಯಂತ್ರ ಕುಸಿಯುತ್ತಿತ್ತು. ಇದನ್ನು ‘ಪಿಂಗ್ ಆಫ್ ಡೆತ್’, ಮೃತ್ಯುಕರೆ ಎಂದು ಕರೆದರು. ಒಂದಲ್ಲ, ಹಲವು ಕಂಪನಿಗಳ ಕಾರ್ಯಾಚರಣ ವ್ಯವಸ್ಥೆಗಳು ಇದಕ್ಕೆ ಬಲಿಯಾದವು. ಲಿನಕ್ಸ್‌ಗೆ ಕೆಲವೇ ಗಂಟೆಗಳಲ್ಲಿ ತೇಪೆ ಸಿದ್ಧವಾಯಿತು. ಕೂಡಿಸುವ ಮೊದಲು ಮೊತ್ತ ಮಿತಿಯೊಳಗಿದೆಯೇ ಎಂದು ನೋಡುವುದು, ಇಷ್ಟೇ ಪರಿಹಾರ. ಹೈಸ್ಕೂಲಿನ ಲೆಕ್ಕ. ಆದರೆ ಆ ಲೆಕ್ಕವನ್ನು ಮಾಡಬೇಕೆಂದು ಹೊಳೆಯುವುದು ಮುಖ್ಯ.

ಎರಡನೆಯ ಉದಾಹರಣೆ ಇನ್ನೂ ಆಲೋಚನೆಗೆ ಹಚ್ಚುವಂಥದು. 2006ರಲ್ಲಿ ನೆಟ್‌ಫಿಲ್ಟರ್‌ಗೆ ಒಂದು ಭಾಗವನ್ನು ಸೇರಿಸಲಾಯಿತು. ಅದು 32 ಬಿಟ್‌ನ ಹಳೆಯ ಪ್ರೋಗ್ರಾಂಗಳು 64 ಬಿಟ್‌ನ ಹೊಸ ಕರ್ನೆಲ್ ಜೊತೆ ವ್ಯವಹರಿಸಲು ನೆರವಾಗುವ ಭಾಗ, ಒಂದು ಬಗೆಯ ದುಭಾಷಿ. ಹಳೆಯ ನಿಯಮವನ್ನು ಹೊಸ ಅಳತೆಗೆ ಬರೆಯುವಾಗ ನಡುವೆ ಉಳಿಯುವ ಖಾಲಿ ಜಾಗವನ್ನು ಸೊನ್ನೆಗಳಿಂದ ತುಂಬಬೇಕಿತ್ತು. ಹಾಗೆ ತುಂಬುವಾಗ ಕೆಲವು ಸಂದರ್ಭಗಳಲ್ಲಿ ಕೆಲವೇ ಸೊನ್ನೆಗಳು ಪಾತ್ರೆಯ ಅಂಚಿನಿಂದ ಹೊರಕ್ಕೆ ಬೀಳುತ್ತಿದ್ದವು. ಕೆಲವೇ ಬೈಟು. ಅದೂ ಬರೀ ಸೊನ್ನೆ. ಸೊನ್ನೆಯಿಂದ ಏನು ಅಪಾಯ ಎನ್ನುತ್ತೀರಾ?

ಈ ಸಂಗತಿ 15 ವರ್ಷ ಯಾರ ಗಮನಕ್ಕೂ ಬರಲಿಲ್ಲ. 2021ರಲ್ಲಿ ಗೂಗಲ್‌ನ ಸುರಕ್ಷತಾ ಸಂಶೋಧಕ ಆಂಡಿ ನ್ಯುಯೆನ್ ಅದನ್ನು ಕಂಡುಹಿಡಿದರು. ಕಂಪ್ಯೂಟರಿನೊಳಗೆ ಸಾಮಾನ್ಯ ಬಳಕೆದಾರನಾಗಿ ಬಂದವನೊಬ್ಬ ಆ ಕೆಲವು ಸೊನ್ನೆಗಳನ್ನು ಬೇಕಾದ ಜಾಗಕ್ಕೆ ಬೀಳಿಸಿ, ಮೆಮೊರಿಯ ಒಂದು ವಿಳಾಸವನ್ನು ಕೆಡಿಸಿ, ಹಂತ ಹಂತವಾಗಿ ಇಡೀ ಯಂತ್ರದ ಒಡೆಯನ ಅಧಿಕಾರ ಪಡೆಯಬಹುದು ಎಂದು ಅವರು ತೋರಿಸಿಕೊಟ್ಟರು. ನೆಟ್‌ಫಿಲ್ಟರ್‌ನ ಪಾಲಕರಲ್ಲಿ ಒಬ್ಬರಾದ ಫ್ಲೋರಿಯನ್ ವೆಸ್ಟ್‌ಫಾಲ್ ಅದೇ ವರ್ಷದ ಏಪ್ರಿಲ್‌ನಲ್ಲಿ ತೇಪೆ ಹಾಕಿದರು. ಅದೂ ಕೆಲವೇ ಸಾಲು. ಅಲ್ಲಲ್ಲಿ ಸೊನ್ನೆ ತುಂಬುವುದರ ಬದಲು, ಕೆಲಸ ಶುರುಮಾಡುವ ಮೊದಲೇ ಇಡೀ ಜಾಗವನ್ನು ಒಮ್ಮೆಗೇ ಸೊನ್ನೆ ಮಾಡಿಬಿಡುವುದು.

ಮಿತ್ರರೇ, ಇದನ್ನು ಕೇಳಿ ‘ಪಾಲಕರು ಅಷ್ಟು ವರ್ಷ ಮಲಗಿದ್ದರೇ?’ ಎಂದು ಕೇಳುವುದು ಸುಲಭ. ಅವರು ಮಲಗಿರಲಿಲ್ಲ. ಆ ಹದಿನೈದು ವರ್ಷಗಳಲ್ಲಿ ಅವರು ಸಾವಿರಾರು ತಿದ್ದುಪಡಿಗಳನ್ನು ಓದಿದ್ದಾರೆ, ತಪ್ಪುಗಳನ್ನು ಸರಿಪಡಿಸಿದ್ದಾರೆ. ಆದರೆ ಏರಿ ಉದ್ದವಿದೆ. ಇಲಿಗಳು ಬಹಳ. ನೋಡುವ ಕಣ್ಣುಗಳು ಕಡಿಮೆ. ಎಲ್ಲರಿಗೂ ಓದಲು ತೆರೆದಿದೆ ಎಂದ ಮಾತ್ರಕ್ಕೆ ಎಲ್ಲರೂ ಓದಿದ್ದಾರೆ ಎಂದಲ್ಲ. ನಾನು ನಿಮ್ಮ ಮುಂದೆ ಇಡಬೇಕೆಂದಿರುವ ಮುಖ್ಯ ಮಾತು ಇದು: ಸುರಕ್ಷತೆ ಎಂಬುದು ಒಮ್ಮೆ ಕಟ್ಟಿ ಬೀಗ ಹಾಕಿಬಿಡುವ ವಸ್ತುವಲ್ಲ. ಅದು ದಿನವೂ ಯಾರೋ ಮಾಡಬೇಕಾದ ಪಾಲನೆಯ ಕೆಲಸ.

ಹಾಗಾದರೆ ಪಾಲಕರ ದಿನಚರಿ ಹೇಗಿರುತ್ತದೆ? ಕರ್ನೆಲ್ ಜೊತೆಯಲ್ಲೇ ಒಂದು ಕಡತವಿದೆ. ಯಾವ ಭಾಗವನ್ನು ಯಾರು ನೋಡಿಕೊಳ್ಳುತ್ತಾರೆ ಎಂಬ ಪಟ್ಟಿ ಅದರಲ್ಲಿದೆ. ಜಗತ್ತಿನ ಯಾರಾದರೂ ಒಂದು ತಿದ್ದುಪಡಿ ಮಾಡಿದರೆ ಅದನ್ನು ಇ-ಮೇಲ್ ಮೂಲಕ ಆ ಪಾಲಕರಿಗೆ ಕಳಿಸುತ್ತಾರೆ. ಎಲ್ಲರಿಗೂ ಕಾಣುವಂತೆ ಚರ್ಚೆ ನಡೆಯುತ್ತದೆ. ಈ ಸಂಖ್ಯೆ ಋಣವಾದರೆ ಏನಾಗುತ್ತದೆ? ಇಬ್ಬರು ಏಕಕಾಲಕ್ಕೆ ಇಲ್ಲಿಗೆ ಬಂದರೆ? ಮೆಮೊರಿ ಸಿಗದೇ ಹೋದರೆ? ಹೀಗೆ ಪ್ರಶ್ನೆಗಳು. ಬಹಳಷ್ಟು ತಿದ್ದುಪಡಿಗಳು ಎರಡು, ಮೂರು, ಕೆಲವೊಮ್ಮೆ ಹತ್ತು ಸಲ ವಾಪಸು ಹೋಗಿ ಬರುತ್ತವೆ. ಒಪ್ಪಿಗೆಯಾದ ಮೇಲೆ ಬರೆದವರೂ ಪಾಲಕರೂ ಅದಕ್ಕೆ ತಮ್ಮ ಹೆಸರಿನ ಸಹಿ ಹಾಕುತ್ತಾರೆ. ಯಾವ ಹಳೆಯ ತಪ್ಪನ್ನು ಇದು ಸರಿಪಡಿಸುತ್ತದೆ ಎಂದೂ ನಮೂದಿಸುತ್ತಾರೆ. ಸುಮಾರು ಒಂಬತ್ತು ಹತ್ತು ವಾರಗಳಿಗೊಮ್ಮೆ ಕರ್ನೆಲ್‌ನ ಹೊಸ ಆವೃತ್ತಿ ಹೊರಬರುತ್ತದೆ. ಮುಖ್ಯವಾದ ತೇಪೆಗಳನ್ನು ಹಳೆಯ ಆವೃತ್ತಿಗಳಿಗೂ ಹೊಲಿಯುತ್ತಾರೆ.

ನಿಯಮಪಟ್ಟಿಯನ್ನು ಬದಲಿಸುವುದೂ ಒಂದು ನಾಜೂಕಿನ ಕೆಲಸ. ಸೆಕೆಂಡಿಗೆ ಲಕ್ಷಾಂತರ ಪ್ಯಾಕೆಟ್ಟುಗಳು ಪಟ್ಟಿಯನ್ನು ಓದುತ್ತಾ ಸಾಗುತ್ತಿರುವಾಗ, ‘ಸ್ವಲ್ಪ ತಾಳಿ, ತಿದ್ದುತ್ತಿದ್ದೇವೆ’ ಎಂದು ಎಲ್ಲವನ್ನೂ ನಿಲ್ಲಿಸುವಂತಿಲ್ಲ. ಕಾಲೇಜಿನ ನೋಟೀಸ್ ಬೋರ್ಡಿನಲ್ಲಿ ವೇಳಾಪಟ್ಟಿ ಬದಲಿಸುವ ಜಾಣ ಗುಮಾಸ್ತರನ್ನು ನೆನೆಯಿರಿ. ಅವರು ಹಳೆಯ ಹಾಳೆಯ ಮೇಲೆ ಗೀಚುವುದಿಲ್ಲ. ಹೊಸ ಹಾಳೆಯನ್ನು ಪೂರ್ತಿ ಬರೆದು, ಅದರ ಜಾಗಕ್ಕೆ ಅಂಟಿಸುತ್ತಾರೆ. ಹಳೆಯದನ್ನು ಓದುತ್ತಿದ್ದವರು ಓದಿ ಮುಗಿಸಿದ ಮೇಲೆ ಅದನ್ನು ಹರಿದು ಹಾಕುತ್ತಾರೆ. ಇದೇ ತತ್ವದ ಮೇಲೆ ಕೆಲಸ ಮಾಡುವ ಆರ್.ಸಿ.ಯು. ಎಂಬ ವಿಧಾನ 2002ರಲ್ಲಿ ಲಿನಕ್ಸ್‌ಗೆ ಸೇರಿತು. ಅದರ ಹಿಂದಿದ್ದ ಮುಖ್ಯ ವ್ಯಕ್ತಿ ಅಮೆರಿಕದ ಪಾಲ್ ಮೆಕೆನ್ನಿ. ಅವರ ಜೊತೆ ಆ ಕೆಲಸದಲ್ಲಿ ಕೈಗೂಡಿಸಿದವರಲ್ಲಿ ಐ.ಬಿ.ಎಂ.ನ ಭಾರತದ ಪ್ರಯೋಗಾಲಯದ ದೀಪಂಕರ್ ಸರ್ಮಾ ಒಬ್ಬರು.

ನಮ್ಮ ನಾಡಿಗೂ ಈ ಕೆಲಸಕ್ಕೂ ನಂಟಿದೆ ಎಂಬುದಕ್ಕೆ ಇನ್ನೊಂದು ನಿದರ್ಶನ ಕೊಡುತ್ತೇನೆ. ಓಡುತ್ತಿರುವ ಕರ್ನೆಲ್ ಒಳಗೆ, ಅದನ್ನು ನಿಲ್ಲಿಸದೆಯೇ, ಬೇಕಾದ ಜಾಗದಲ್ಲಿ ಒಂದು ಸೂಜಿ ಚುಚ್ಚಿ ಏನು ನಡೆಯುತ್ತಿದೆ ಎಂದು ನೋಡುವ ಸೌಲಭ್ಯಕ್ಕೆ ಕೆ-ಪ್ರೋಬ್ಸ್ ಎಂದು ಹೆಸರು. ವೈದ್ಯರು ನಾಡಿ ಹಿಡಿದು ನೋಡಿದಂತೆ. 2004ರಲ್ಲಿ ಲಿನಕ್ಸ್ ಸೇರಿದ ಇದನ್ನು ಇಂದು ಯಂತ್ರಗಳಲ್ಲಿ ಅನುಮಾನಾಸ್ಪದ ಚಟುವಟಿಕೆಯನ್ನು ಪತ್ತೆ ಮಾಡುವ ಸಾಧನಗಳೂ ಬಳಸುತ್ತವೆ. ಪಾಲಕರ ಪಟ್ಟಿಯ ಕಡತದಲ್ಲಿ ಕೆ-ಪ್ರೋಬ್ಸ್ ಎಂಬ ತಲೆಬರಹದ ಕೆಳಗೆ, ಜಾಲವಿಭಾಗದ ಹಿರಿಯ ಪಾಲಕ ಡೇವಿಡ್ ಮಿಲ್ಲರ್ ಹೆಸರಿನ ಜೊತೆಯಲ್ಲೇ, ಅನಂತ್ ಮಾವಿನಕಾಯನಹಳ್ಳಿ ಮತ್ತು ಅನಿಲ್ ಕೇಶವಮೂರ್ತಿ ಎಂಬ ಹೆಸರುಗಳು ಹಲವು ವರ್ಷ ಇದ್ದವು. ಜಗತ್ತಿನ ಲಕ್ಷಾಂತರ ಯಂತ್ರಗಳಿಗೆ ಹೋಗುವ ಒಂದು ಕಡತದಲ್ಲಿ ‘ಮಾವಿನಕಾಯನಹಳ್ಳಿ’ ಎಂದು ಓದಿದಾಗ ಕನ್ನಡಿಗರಿಗೆ ಒಂದು ಬಗೆಯ ಸಂತೋಷವಾಗುವುದು ಸಹಜ.

ಬೆಂಗಳೂರಿನಲ್ಲಿ 2001ರಿಂದ ‘ಲಿನಕ್ಸ್ ಬೆಂಗಳೂರು’ ಎಂಬ ಸಮ್ಮೇಳನ ನಡೆಯುತ್ತಿತ್ತು. 2005ರಲ್ಲಿ ಅದರ ಹೆಸರು ‘ಫಾಸ್ ಡಾಟ್ ಇನ್’ ಎಂದಾಯಿತು. ಕೊನೆಯ ಸಮ್ಮೇಳನ ನಡೆದದ್ದು 2012ರಲ್ಲಿ. ನೆಟ್‌ಫಿಲ್ಟರ್ ತಂಡದ ಮುಂದಾಳಾಗಿದ್ದ ಜರ್ಮನಿಯ ಹರಾಲ್ಡ್ ವೆಲ್ಟೆ ಈ ಸಮ್ಮೇಳನಕ್ಕೆ ಹಲವು ಸಲ ಬಂದವರು. ನಮ್ಮ ವಿದ್ಯಾರ್ಥಿಗಳು ಬಳಸುವವರಾಗಿ ಮಾತ್ರ ಉಳಿಯದೆ ಬರೆಯುವವರಾಗಬೇಕು ಎಂಬುದು ಆ ಸಮ್ಮೇಳನದ ಆಶಯವಾಗಿತ್ತು.

ಈಗ ಒಂದು ಕಹಿ ಸಂಗತಿ. ತೇಪೆ ಸಿದ್ಧವಾದರೆ ಸಾಲದು, ಅದು ಯಂತ್ರವನ್ನು ತಲುಪಬೇಕು. ಎನ್‌ಎಫ್‌ಟೇಬಲ್ಸ್‌ನಲ್ಲಿ 2014ರಿಂದಲೂ ಅಡಗಿದ್ದ ಒಂದು ದೋಷವನ್ನು 2024ರ ಜನವರಿಯಲ್ಲಿ ಸರಿಪಡಿಸಲಾಯಿತು. ಒಮ್ಮೆ ಹಿಂದಿರುಗಿಸಿದ ಮೆಮೊರಿಯನ್ನೇ ಮತ್ತೊಮ್ಮೆ ಹಿಂದಿರುಗಿಸುವಂಥ ದೋಷ ಅದು. ಮಾರಿದ ಜಮೀನನ್ನೇ ಇನ್ನೊಬ್ಬರಿಗೆ ಮಾರಿದರೆ ಆಗುವ ಗೊಂದಲ! ಅದೇ ಮಾರ್ಚ್‌ನಲ್ಲಿ ಅದನ್ನು ದುರುಪಯೋಗಪಡಿಸಿಕೊಳ್ಳುವ ಬಗೆ ಬಹಿರಂಗವಾಯಿತು. ಮೇ ತಿಂಗಳ ಕೊನೆಗೆ ಅಮೆರಿಕದ ಸೈಬರ್ ಸುರಕ್ಷತಾ ಸಂಸ್ಥೆ, ಈ ದೋಷವನ್ನು ದಾಳಿಕೋರರು ನಿಜವಾಗಿಯೂ ಬಳಸುತ್ತಿದ್ದಾರೆ ಎಂದು ಎಚ್ಚರಿಸಿತು. ತೇಪೆ ಬಂದು ನಾಲ್ಕು ತಿಂಗಳಾಗಿತ್ತು! ಆದರೂ ದಾಳಿ ಫಲಿಸುತ್ತಿತ್ತು ಎಂದರೆ ತೇಪೆ ಹಾಕಿಕೊಳ್ಳದ ಯಂತ್ರಗಳು ಇನ್ನೂ ಇದ್ದವು ಎಂದೇ ಅರ್ಥ. ಮೊಬೈಲಿನಲ್ಲಿ ‘ಅಪ್‌ಡೇಟ್ ಮಾಡಿ’ ಎಂದು ಬಂದಾಗ ‘ನಾಳೆ ನೋಡೋಣ’ ಎಂದು ತಳ್ಳುವ ಅಭ್ಯಾಸ ನಮ್ಮಲ್ಲಿ ಬಹಳ ಜನರಿಗಿದೆ. ನೀರುಗಂಟಿ ಹಲಗೆ ತಂದುಕೊಟ್ಟರೂ ತೂಬಿಗೆ ಹಾಕದೆ ಮೂಲೆಯಲ್ಲಿಟ್ಟ ಹಾಗೆ.

ಇನ್ನೊಂದು ಸಂಗತಿ ಕರ್ನೆಲ್‌ಗೆ ಸೇರಿದ್ದಲ್ಲ, ಅದರ ನೆರೆಮನೆಯದು. ಕಡತಗಳನ್ನು ಒತ್ತಿ ಚಿಕ್ಕದು ಮಾಡುವ ಎಕ್ಸ್‌ಜ಼ೆಡ್ ಎಂಬ ತಂತ್ರಾಂಶವನ್ನು ಲಾಸ್ಸೆ ಕೊಲಿನ್ ಎಂಬುವರು ಬಹುಕಾಲ ಹೆಚ್ಚುಕಡಿಮೆ ಒಬ್ಬರೇ, ಸಂಬಳವಿಲ್ಲದೆ ನೋಡಿಕೊಳ್ಳುತ್ತಿದ್ದರು. ತಮಗೆ ಆಗುತ್ತಿಲ್ಲವೆಂದು ಅವರು ಬಹಿರಂಗವಾಗಿಯೇ ಹೇಳಿಕೊಂಡಿದ್ದರು. ಆಗ ಸಹಾಯಕ್ಕೆಂದು ಬಂದ ಒಬ್ಬ ಅಪರಿಚಿತ, ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ಕೆಲಸ ಮಾಡಿ ನಂಬಿಕೆ ಗಳಿಸಿ, 2024ರಲ್ಲಿ ಅದರೊಳಗೆ ಒಂದು ಕಳ್ಳಬಾಗಿಲನ್ನು ಇಟ್ಟ. ದೂರದಿಂದ ಸರ್ವರ್‌ಗಳಿಗೆ ಪ್ರವೇಶ ಪಡೆಯುವ ಬಾಗಿಲದು. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್, ತಮ್ಮ ಯಂತ್ರಕ್ಕೆ ಪ್ರವೇಶಿಸುವಾಗ ಸುಮಾರು ಅರ್ಧ ಸೆಕೆಂಡು ತಡವಾಗುತ್ತಿದೆಯಲ್ಲ ಏಕೆ ಎಂದು ಹುಡುಕುತ್ತಾ ಹೋಗಿ ಮಾರ್ಚ್ 29ರಂದು ಅದನ್ನು ಜಗತ್ತಿಗೆ ತಿಳಿಸಿದರು. ಅದು ವ್ಯಾಪಕವಾಗಿ ಹರಡುವ ಮೊದಲೇ ತಡೆಯಲಾಯಿತು. ಅರ್ಧ ಸೆಕೆಂಡನ್ನು ಅಲಕ್ಷಿಸದ ಒಬ್ಬ ಮನುಷ್ಯ! ಇಲ್ಲಿ ನಾವು ಕಲಿಯಬೇಕಾದದ್ದು ಎರಡು. ಸಣ್ಣ ಅನುಮಾನವನ್ನೂ ಬೆನ್ನುಹತ್ತಬೇಕು ಎಂಬುದು ಒಂದು. ದಣಿದ ಪಾಲಕನನ್ನು ಒಂಟಿಯಾಗಿ ಬಿಡುವುದೇ ಒಂದು ಸುರಕ್ಷತಾ ದೋಷ ಎಂಬುದು ಇನ್ನೊಂದು.

ನಮ್ಮ ಹಿರಿಯರಿಗೆ ಇದು ತಿಳಿದಿತ್ತು. ನಮ್ಮ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಕ್ರಿ.ಶ. 5ನೆಯ ಶತಮಾನದ ಒಂದು ಕಂಬ ಶಾಸನವಿದೆ. ಕದಂಬ ದೊರೆ ಕಾಕುಸ್ಥವರ್ಮ ಅಲ್ಲಿ ಕೆರೆ ಕಟ್ಟಿಸಿದ್ದನ್ನು ಅದು ಹೇಳುತ್ತದೆ. ಕಟ್ಟಿಸಿದವನ ಹೆಸರು ಕಲ್ಲಿನ ಮೇಲೆ ಉಳಿಯಿತು. ಅದನ್ನು ವರ್ಷ ವರ್ಷ ಹೂಳೆತ್ತಿ ಕಾದವರ ಹೆಸರು ಉಳಿಯಲಿಲ್ಲ. ಆದರೆ ಮುಂದಿನ ಶತಮಾನಗಳ ಕನ್ನಡ ಶಾಸನಗಳಲ್ಲಿ ‘ಬಿತ್ತುವಟ್ಟ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಕೆರೆಯನ್ನು ಕಟ್ಟಿದವರಿಗೆ, ಅದನ್ನು ನೋಡಿಕೊಳ್ಳುವವರಿಗೆ ಬಿಟ್ಟುಕೊಟ್ಟ ಭೂಮಿ ಅದು. ಕೆರೆ ಕಟ್ಟಿಸಿದರೆ ಮುಗಿಯಲಿಲ್ಲ, ಕಾಯುವವರ ಅನ್ನಕ್ಕೂ ದಾರಿ ಮಾಡಬೇಕು ಎಂದು ಅವರು ಅರಿತಿದ್ದರು. ಇಂದು ಕರ್ನೆಲ್‌ನ ಪಾಲಕರಲ್ಲಿ ಅನೇಕರಿಗೆ ಕಂಪನಿಗಳು ಸಂಬಳ ಕೊಡುತ್ತವೆ. ಅದು ಒಳ್ಳೆಯ ಬೆಳವಣಿಗೆ. ಆದರೆ ನಾವೆಲ್ಲ ನೆಚ್ಚಿಕೊಂಡಿರುವ ಎಷ್ಟೋ ಚಿಕ್ಕ ತಂತ್ರಾಂಶಗಳಿಗೆ ಇಂದಿಗೂ ಬಿತ್ತುವಟ್ಟವಿಲ್ಲ.

ಹಾಗಾದರೆ ನೀವೇನು ಮಾಡಬಹುದು? ಶಿವಮೊಗ್ಗದಲ್ಲಿ, ಭದ್ರಾವತಿಯಲ್ಲಿ, ಇನ್ನೂ ಚಿಕ್ಕ ಊರಿನಲ್ಲಿ ಓದುತ್ತಿದ್ದೇನೆ, ನನ್ನಿಂದೇನಾದೀತು ಎಂಬ ಹಿಂಜರಿಕೆ ಬೇಡ. ಕರ್ನೆಲ್‌ನ ಸಾಲುಗಳು ಹೆಲ್ಸಿಂಕಿಗೆ ಎಷ್ಟು ಹತ್ತಿರವೋ ವಿನೋಬನಗರಕ್ಕೂ ಅಷ್ಟೇ ಹತ್ತಿರ. ಮೊದಲು ಸಿ ಭಾಷೆಯನ್ನು ಚೆನ್ನಾಗಿ ಕಲಿಯಿರಿ. ಮೆಮೊರಿಯ ವಿಳಾಸ, ಪಾಯಿಂಟರ್ ಎಂದರೆ ಹೆದರದಷ್ಟು ಅಭ್ಯಾಸವಾಗಲಿ. ಮನೆಯಲ್ಲೋ ಕಾಲೇಜಿನಲ್ಲೋ ಒಂದು ಹಳೆಯ ಕಂಪ್ಯೂಟರಿದ್ದರೆ ಅದರಲ್ಲಿ ಲಿನಕ್ಸ್ ಹಾಕಿ. ಎನ್‌ಎಫ್‌ಟೇಬಲ್ಸ್ ಬಳಸಿ ನೀವೇ ಎರಡು ಮೂರು ನಿಯಮ ಬರೆದು, ಯಾವ ಪ್ಯಾಕೆಟ್ ನಿಂತಿತು, ಯಾವುದು ಹೋಯಿತು ಎಂದು ನೋಡಿ. ಕರ್ನೆಲ್‌ನ ಮೂಲ ಕಡತಗಳನ್ನು ಇಳಿಸಿಕೊಂಡು, ಜಾಲವಿಭಾಗದ ಒಳಗಿರುವ ನೆಟ್‌ಫಿಲ್ಟರ್ ಕೋಶವನ್ನು ತೆರೆಯಿರಿ. ಎಲ್ಲವೂ ಅರ್ಥವಾಗಬೇಕಿಲ್ಲ. ವಾರಕ್ಕೆ ಒಂದು ತಿದ್ದುಪಡಿಯನ್ನು ಓದಿ, ಇದು ಏಕೆ ಬೇಕಾಯಿತು ಎಂದು ನಿಮ್ಮ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೇ ಬರೆದಿಡಿ. ವರ್ಷ ಕಳೆಯುವುದರೊಳಗೆ ಐವತ್ತು ತಪ್ಪುಗಳ ಪರಿಚಯ ನಿಮಗಾಗಿರುತ್ತದೆ. ಅಷ್ಟು ತಪ್ಪು ಕಂಡ ಕಣ್ಣಿಗೆ ಹೊಸ ತಪ್ಪು ತಾನಾಗಿ ಕಾಣತೊಡಗುತ್ತದೆ.

ಮೊದಲ ಕಾಣಿಕೆ ದೊಡ್ಡದಾಗಿರಬೇಕಿಲ್ಲ. ವಿವರಣೆಯಲ್ಲಿರುವ ಒಂದು ತಪ್ಪು ವಾಕ್ಯ, ಪರೀಕ್ಷಿಸದೆ ಬಿಟ್ಟ ಒಂದು ಉತ್ತರ, ಇಂಥವುಗಳಿಂದಲೇ ಶುರುಮಾಡಬಹುದು. ತಿದ್ದುಪಡಿಯನ್ನು ಯಾರಿಗೆ ಕಳಿಸಬೇಕೆಂದು ಹೇಳುವ ಒಂದು ಪುಟ್ಟ ಪ್ರೋಗ್ರಾಂ ಕರ್ನೆಲ್ ಜೊತೆಯಲ್ಲೇ ಇದೆ. ವಾಪಸು ಬಂದರೆ ಬೇಸರಪಡಬೇಡಿ. ದೊಡ್ಡವರದ್ದೂ ವಾಪಸು ಬರುತ್ತದೆ.

ಒಂದು ಎಚ್ಚರಿಕೆಯ ಮಾತು. ಬೀಗ ಹೇಗೆ ಒಡೆಯುತ್ತದೆ ಎಂದು ಕಲಿಯುವುದು ಬೀಗ ಮಾಡುವವನ ವಿದ್ಯೆಯ ಭಾಗ. ಆದರೆ ಕಲಿತದ್ದನ್ನು ಪಕ್ಕದ ಮನೆಯ ಮೇಲೋ ಕಾಲೇಜಿನ ಸರ್ವರ್ ಮೇಲೋ ಪ್ರಯೋಗಿಸಬೇಡಿ. ಒಡೆಯರ ಅನುಮತಿಯಿಲ್ಲದೆ ಅನ್ಯರ ಕಂಪ್ಯೂಟರನ್ನು ಹೊಕ್ಕುವುದು ನಮ್ಮ ದೇಶದ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಅಪರಾಧವಾಗಬಹುದು. ಪ್ರಯೋಗವೆಲ್ಲ ನಿಮ್ಮದೇ ಯಂತ್ರದಲ್ಲಿ ನಡೆಯಲಿ. ದೋಷ ಕಂಡರೆ ಅದನ್ನು ಮೊದಲು ಪಾಲಕರಿಗೆ ತಿಳಿಸಿ. ಭಾರತದಲ್ಲಿ ಇಂಥ ವರದಿಗಳನ್ನು ಸ್ವೀಕರಿಸಲು 2004ರಲ್ಲಿ ಆರಂಭವಾದ ಸರ್ಟ್-ಇನ್ ಎಂಬ ಸರ್ಕಾರಿ ಸಂಸ್ಥೆಯೂ ಇದೆ.

ಮತ್ತೆ ವಿನೋಬನಗರದ ಮನೆಗೆ ಬರೋಣ. ಬಿಲ್ಲು ಕಟ್ಟಿ ಆಯಿತು. ಪಾಠ ಮುಗಿಯಿತು. ಅಜ್ಜ ಮೊಮ್ಮಗನಿಗೆ ‘ಮಲಗು, ಹೊತ್ತಾಯ್ತು’ ಎಂದರು. ಗೋಡೆಯ ಮೇಲಿನ ದೀಪ ಮಿನುಗುತ್ತಲೇ ಇದೆ. ಈ ಹೊತ್ತಿನಲ್ಲಿ ಎಲ್ಲೋ ದೂರದ ಒಂದೂರಿನಲ್ಲಿ ಒಬ್ಬ ಪಾಲಕ, ತನಗೆ ಬಂದ ಹತ್ತನೆಯ ತಿದ್ದುಪಡಿಯನ್ನು ಓದುತ್ತಾ ‘ಈ ಸಂಖ್ಯೆ ಮಿತಿ ಮೀರಿದರೆ ಏನಾಗುತ್ತದೆ?’ ಎಂದು ಕೇಳುತ್ತಿರಬಹುದು. ಅವರು ನಮ್ಮ ಮನೆಯನ್ನು ಕಂಡವರಲ್ಲ, ಅಜ್ಜನ ಭಾಷೆ ಬಲ್ಲವರಲ್ಲ. ಆದರೂ ನಮ್ಮ ಮನೆಯ ಬಾಗಿಲು ಅವರ ಆ ಒಂದು ಪ್ರಶ್ನೆಯ ಮೇಲೆ ನಿಂತಿದೆ. ಅವರಿಗೂ ವಯಸ್ಸಾಗುತ್ತದೆ. ಮುಂದೆ ಆ ಪ್ರಶ್ನೆಯನ್ನು ಕೇಳಲು ಬೇರೆಯವರು ಬೇಕಾಗುತ್ತಾರೆ. ನಿಮ್ಮಲ್ಲಿ ಒಬ್ಬಿಬ್ಬರಾದರೂ ಆ ಕೆಲಸಕ್ಕೆ ಸಿದ್ಧರಾಗಲಿ ಎಂದು ಹಾರೈಸುತ್ತಾ ನನ್ನ ಮಾತನ್ನು ಮುಗಿಸುತ್ತೇನೆ.